ಅಂಗನವಾಡಿ ಊರಿನ ಸಸಿಮಡಿ

(ಬ್ಲಾಕಿನ ರೈತರ ಸಭೆಯಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ನಾನು ಬಂದರೆ ಬಿತ್ತನೆ ಬೀಜ, ಗೊಬ್ಬರ, ಮಣ್ಣು ಪರೀಕ್ಷೆ ಇಂಥ ಮಾತುಗಳನ್ನೇ ಆಡುತ್ತೇನೆಂದು ನೀವು ಬಲ್ಲಿರಿ. ನಾನು ಓದಿದ್ದೂ ಕೃಷಿ ಡಿಪ್ಲೊಮಾವನ್ನೇ. ಈ ದಿನ ಮಾತ್ರ ಬೇರೊಂದು ಬೆಳೆಯ ವಿಷಯ ಹೇಳಬೇಕೆಂದು ನಿಂತಿದ್ದೇನೆ. ನಮ್ಮ ಊರುಗಳ ಆರು ವರ್ಷದೊಳಗಿನ ಮಕ್ಕಳು ಹಗಲು ಹೊತ್ತನ್ನು ಎಲ್ಲಿ, ಯಾರೊಡನೆ, ಏನು ಮಾಡುತ್ತ ಕಳೆಯುತ್ತಾರೆ? ಅದಕ್ಕೂ ಊರಿನ ಏಳಿಗೆಗೂ ಏನು ಸಂಬಂಧ? ಇದೇ ನನ್ನ ವಿಷಯ. "ಇದು ಹೆಂಗಸರ ಮಾತು, ಅಂಗನವಾಡಿ ಟೀಚರ್ ನೋಡಿಕೊಳ್ಳುತ್ತಾರೆ" ಎಂದು ಗಂಡಸರು ಯಾರೂ ಎದ್ದು ಹೋಗಬಾರದೆಂದು ಮೊದಲೇ ಕೇಳಿಕೊಳ್ಳುತ್ತೇನೆ. ಈ ಮಾತು ನಿಮಗೂ ಸೇರಿದ್ದು.

ಒಟ್ಲಿನ ಲೆಕ್ಕ

ಒಂದು ಎಕರೆ ಭತ್ತದ ನಾಟಿಗೆ ಒಟ್ಲು ಬೇಕಾಗುವುದು ಸುಮಾರು 4 ಗುಂಟೆ. ನಲವತ್ತು ಗುಂಟೆಯ ಬೆಳೆಯನ್ನು ಆ ನಾಲ್ಕು ಗುಂಟೆ ನಿರ್ಧರಿಸುತ್ತದೆ. ಆದುದರಿಂದಲೇ ನೀವು ಬೀಜವನ್ನು ಉಪ್ಪು ನೀರಿಗೆ ಹಾಕಿ ಜೊಳ್ಳು ತೇಲಿಸಿ ತೆಗೆಯುತ್ತೀರಿ, ಮಡಿಗೆ ಕಳಿತ ಗೊಬ್ಬರ ಕೊಡುತ್ತೀರಿ, ಬೆಳಗ್ಗೆ ಒಮ್ಮೆ ಸಂಜೆ ಒಮ್ಮೆ ನೀರು ನೋಡುತ್ತೀರಿ, ಹಕ್ಕಿ ಕಾಯುತ್ತೀರಿ. ಒಟ್ಲಿನಲ್ಲಿ ಸೊರಗಿದ ಪೈರನ್ನು ಗದ್ದೆಗೆ ತಂದು ಎಷ್ಟು ಮೇಲುಗೊಬ್ಬರ ಸುರಿದರೂ ಅದು ಒಳ್ಳೆಯ ಪೈರಿನಷ್ಟು ತೆಂಡೆ ಒಡೆಯುವುದಿಲ್ಲ. ಇದನ್ನು ನಾನು ನಿಮಗೆ ಕಲಿಸಬೇಕಾದುದಿಲ್ಲ.

ಮನುಷ್ಯನ ಮಗುವಿಗೆ ಒಟ್ಲಿನ ಕಾಲವೆಂದರೆ ಮೊದಲ ಆರು ವರ್ಷ. ಹುಟ್ಟಿದಾಗ ಮಗುವಿನ ಮಿದುಳು ದೊಡ್ಡವರ ಮಿದುಳಿನ ಸುಮಾರು ಕಾಲು ಭಾಗ ತೂಗುತ್ತದೆ. ಐದು ವರ್ಷ ತುಂಬುವಷ್ಟರಲ್ಲಿ ನೂರಕ್ಕೆ ತೊಂಬತ್ತರಷ್ಟು ಬೆಳೆದಿರುತ್ತದೆ.  ಮಾತು, ಲೆಕ್ಕದ ತಿಳಿವು, ಇನ್ನೊಬ್ಬರೊಡನೆ ಹಂಚಿಕೊಂಡು ಬಾಳುವ ಗುಣ, ಕೋಪವನ್ನು ಹಿಡಿದುಕೊಳ್ಳುವ ಶಕ್ತಿ ಇವಕ್ಕೆಲ್ಲ ಬೇರು ಬಿಡುವ ಕಾಲ ಇದೇ. ಆದರೆ ನಮ್ಮಲ್ಲಿ ನಡೆಯುತ್ತಿರುವುದೇನು? ಶಾಲೆಗೆ ಸೇರಿದ ಮೇಲೆ ಮಗುವಿನ ಓದಿನ ಚಿಂತೆ ಮಾಡುತ್ತೇವೆ. ಎಂದರೆ ಒಟ್ಲನ್ನು ನೋಡದೆ ನಾಟಿಯ ದಿನ ಗದ್ದೆಗೆ ಇಳಿಯುತ್ತೇವೆ.

ಪ್ರಾತ್ಯಕ್ಷಿಕೆ ತಾಕು ಎಲ್ಲಿದೆ?

ಹೊಸ ತಳಿ ತಂದಾಗ ನೀವು ಬರೀ ಮಾತನ್ನು ನಂಬುವುದಿಲ್ಲ. "ಎಲ್ಲಿ ಬೆಳೆದಿದ್ದಾರೆ, ತೋರಿಸಿ" ಎನ್ನುತ್ತೀರಿ. ಅದು ಸರಿಯಾದ ಮಾತು. ಮಕ್ಕಳ ವಿಷಯದಲ್ಲಿಯೂ ಅಂಥ ತಾಕುಗಳು ಆಗಿವೆ. ಎರಡನ್ನು ಮಾತ್ರ ಹೇಳುತ್ತೇನೆ. ಎರಡೂ ದೂರದೇಶದವು, ಆದರೆ ಎರಡೂ ಬಡವರ ನಡುವೆ ನಡೆದವು.

ಅಮೆರಿಕ ಖಂಡದ ಗ್ವಾಟೆಮಾಲ ದೇಶದಲ್ಲಿ 1969ರಿಂದ 1977ರವರೆಗೆ ನಾಲ್ಕು ಹಳ್ಳಿಗಳನ್ನು ಆರಿಸಿಕೊಂಡರು. ಅವರೂ ನಮ್ಮಂತೆ ಒಕ್ಕಲು ಮಕ್ಕಳು, ಮುಖ್ಯವಾಗಿ ಮುಸುಕಿನ ಜೋಳ ಬೆಳೆಯುವವರು. ಎರಡು ಹಳ್ಳಿಗಳಲ್ಲಿ ಪೌಷ್ಟಿಕ ಹಿಟ್ಟಿಗೆ ಹಾಲಿನ ಪುಡಿ ಬೆರೆಸಿ ಕಾಯಿಸಿದ ಅಂಬಲಿಯನ್ನು ದಿನವೂ ಇಟ್ಟರು. ಉಳಿದೆರಡು ಹಳ್ಳಿಗಳಲ್ಲಿ ಸಿಹಿ ಪಾನಕ ಮಾತ್ರ. ಮೂವತ್ತು ವರ್ಷದ ಮೇಲೆ ಆ ಮಕ್ಕಳನ್ನು ಹುಡುಕಿ ನೋಡಿದರು. ಎರಡು ವರ್ಷ ತುಂಬುವ ಮೊದಲು ಅಂಬಲಿ ದೊರೆತ ಗಂಡಸರ ಗಂಟೆಯ ಸಂಪಾದನೆ ನೂರಕ್ಕೆ 46ರಷ್ಟು ಹೆಚ್ಚಾಗಿತ್ತು. ಹೆಣ್ಣು ಮಕ್ಕಳು ಒಂದು ತರಗತಿಗಿಂತ ಹೆಚ್ಚು ಓದಿದ್ದರು. ಮೂರು ವರ್ಷವಾದ ಮೇಲೆ ಅಂಬಲಿ ಸಿಕ್ಕವರಲ್ಲಿ ಸಂಪಾದನೆಯ ಈ ಲಾಭ ಕಾಣಲಿಲ್ಲ. ಹೊತ್ತಿಗೆ ಸರಿಯಾಗಿ ಕೊಟ್ಟ ಗೊಬ್ಬರಕ್ಕೂ ಹೊತ್ತು ಮೀರಿ ಕೊಟ್ಟ ಗೊಬ್ಬರಕ್ಕೂ ಇರುವ ವ್ಯತ್ಯಾಸ ನಿಮಗೆ ತಿಳಿದದ್ದೇ.

ಎರಡನೆಯದು ಜಮೈಕಾ ದ್ವೀಪದ್ದು. ಅಲ್ಲಿಯ ಕಿಂಗ್‌ಸ್ಟನ್ ಪಟ್ಟಣದ ಬಡ ಕೇರಿಗಳಲ್ಲಿ 1986-87ರಲ್ಲಿ ವಯಸ್ಸಿಗೆ ತಕ್ಕ ಎತ್ತರವಿಲ್ಲದೆ ಸೊರಗಿದ 129 ಮಕ್ಕಳನ್ನು ತೆಗೆದುಕೊಂಡರು. ಅವರಲ್ಲಿ ಕೆಲವರ ಮನೆಗೆ ಆರೋಗ್ಯ ಸಹಾಯಕಿಯೊಬ್ಬಳು ವಾರಕ್ಕೆ ಒಂದು ಗಂಟೆ ಬಂದು ಮಗುವಿನೊಡನೆ ಹೇಗೆ ಆಡಬೇಕು, ಹೇಗೆ ಮಾತಾಡಬೇಕು ಎಂದು ತಾಯಿಗೆ ತೋರಿಸುತ್ತಿದ್ದಳು. ಆಟಿಕೆಗಳೆಲ್ಲ ಮನೆಯ ಹಳೆಯ ಸಾಮಾನಿನಿಂದ ಮಾಡಿದವು. ಇದು ನಡೆದದ್ದು ಎರಡೇ ವರ್ಷ. ಇಪ್ಪತ್ತು ವರ್ಷದ ಬಳಿಕ ನೋಡಿದಾಗ ಆಟವಾಡಿಸಿದ ಮಕ್ಕಳು ಆಟವಾಡಿಸದ ಮಕ್ಕಳಿಗಿಂತ ನೂರಕ್ಕೆ 25ರಷ್ಟು ಹೆಚ್ಚು ಸಂಪಾದಿಸುತ್ತಿದ್ದರು. ಚಿಕ್ಕಂದಿನಲ್ಲಿ ಸೊರಗದಿದ್ದ ಮಕ್ಕಳ ಸಮಕ್ಕೆ ಬಂದಿದ್ದರು.

ಇಲ್ಲಿ ಒಂದು ಮಾತು. ಮಗು ಪೈರಿನಂತಲ್ಲ. ಸೊರಗಿದ ಪೈರನ್ನು ಕಿತ್ತೆಸೆಯುತ್ತೇವೆ. ಸೊರಗಿದ ಮಗುವನ್ನು ಇನ್ನೂ ಹೆಚ್ಚಾಗಿ ನೋಡಿಕೊಂಡರೆ ಅದು ಚೇತರಿಸಿಕೊಳ್ಳುತ್ತದೆ. ಜಮೈಕಾದ ಮಕ್ಕಳು ತೋರಿಸಿಕೊಟ್ಟದ್ದು ಇದನ್ನೇ. ಆದುದರಿಂದ "ನಮ್ಮ ಹುಡುಗ ಮಂದ, ಅವನ ಹಣೆಬರಹ ಅಷ್ಟೇ" ಎಂದು ಯಾವ ತಂದೆಯೂ ಹೇಳಬಾರದು.

ಅಂಗಳಕ್ಕೆ ಬಂದ ಶಾಲೆ

ಅಂಗನವಾಡಿ ಎಂಬ ಹೆಸರು ಎಲ್ಲಿಂದ ಬಂತೆಂದು ನಮ್ಮಲ್ಲಿ ಅನೇಕರಿಗೆ ತಿಳಿಯದು. ಗುಜರಾತಿನ ಭಾವನಗರದಲ್ಲಿ 1920ರಲ್ಲಿ ಗಿಜುಭಾಯಿ ಬಧೇಕಾ ಎಂಬ ವಕೀಲರು ವಕೀಲಿಯನ್ನು ಬಿಟ್ಟು ಬಾಲಮಂದಿರ ತೆರೆದರು. ಅವರೊಡನೆ ದುಡಿದವರು ತಾರಾಬಾಯಿ ಮೋಡಕ್. ಪಟ್ಟಣದ ಅನುಕೂಲಸ್ಥರ ಮಕ್ಕಳಿಗಷ್ಟೇ ಇಂಥ ಶಿಕ್ಷಣ ಸಿಕ್ಕರೆ ಸಾಲದು, ಹಳ್ಳಿಯ ಬಡ ಮಕ್ಕಳಿಗೂ ಸಿಗಬೇಕೆಂದು ತಾರಾಬಾಯಿ 1945ರಲ್ಲಿ ಮಹಾರಾಷ್ಟ್ರದ ಬೋರ್ಡಿ ಎಂಬ ಹಳ್ಳಿಗೆ ಬಂದರು. ಅದು ಆಗ ಠಾಣೆ ಜಿಲ್ಲೆ, 2014ರಿಂದ ಪಾಲ್ಘರ್ ಜಿಲ್ಲೆ. ಬಾಲ್ಯದಲ್ಲೇ ಮದುವೆಯಾಗಿ, ಬಾಲ್ಯದಲ್ಲೇ ವಿಧವೆಯಾಗಿ, ಹಟದಿಂದ ಓದಿ ಶಿಕ್ಷಕಿಯಾಗಿದ್ದ ಅನುತಾಯಿ ವಾಘ್ ಅವರ ಜೊತೆ ಸೇರಿದರು.

ಬಾಲವಾಡಿ ತೆರೆದರೂ ವಾರ್ಲಿ ಜನರ ಮಕ್ಕಳು ಬರಲಿಲ್ಲ. ತಾಯಿತಂದೆಯರು ಬೆಳಗಾದರೆ ಕೂಲಿಗೆ ಹೋಗುವವರು. ಮಗುವನ್ನು ಕರೆತಂದು ಬಿಡುವವರು ಯಾರು? ಆಗ ಇವರು, ಮಕ್ಕಳು ಬಾಲವಾಡಿಗೆ ಬಾರದಿದ್ದರೆ ಬಾಲವಾಡಿಯೇ ಮಕ್ಕಳಿದ್ದಲ್ಲಿಗೆ ಹೋಗಲಿ ಎಂದರು. ಗುಡಿಸಲುಗಳ ನಡುವಿನ ಅಂಗಳದಲ್ಲಿ ಮಕ್ಕಳನ್ನು ಸೇರಿಸಿ, ಮೈ ತೊಳೆದು, ತಲೆ ಬಾಚಿ, ಹಾಡು ಕಥೆ ಆಟಗಳನ್ನು ನಡೆಸಿದರು. ಅಂಗಳದ ಬಾಲವಾಡಿಯೇ ಅಂಗನವಾಡಿಯಾಯಿತು. ಪೇಟೆಯಿಂದ ತಂದ ಬೆಲೆಬಾಳುವ ಸಾಮಾನಿಗೆ ಬದಲು ಬೀಜ, ಕಪ್ಪೆಚಿಪ್ಪು, ಕಲ್ಲು, ಎಲೆಗಳೇ ಪಾಠದ ಸಾಮಾನುಗಳಾದವು.

ಕೋಸ್ಬಾಡ್ ಗುಡ್ಡಕ್ಕೆ ಹೋದ ಮೇಲೆ ಅವರು ಕಂಡುಕೊಂಡ ಇನ್ನೊಂದು ಸಂಗತಿ ನಮಗೆ ಬಹಳ ಮುಖ್ಯ. ಶಾಲೆಗೆ ಬರಬೇಕಾದ ಹುಡುಗಿ ಸೊಂಟದ ಮೇಲೆ ತಮ್ಮನನ್ನೋ ತಂಗಿಯನ್ನೋ ಎತ್ತಿಕೊಂಡಿರುತ್ತಿದ್ದಳು. ಕೂಸನ್ನು ಬಿಟ್ಟು ಬಾ ಎಂದರೆ ಅವಳು ಬರುವುದಿಲ್ಲ. ಆದಕಾರಣ ಕೂಸಿನ ಮನೆ, ಬಾಲವಾಡಿ, ಪ್ರಾಥಮಿಕ ಶಾಲೆ ಮೂರನ್ನೂ ಒಂದೇ ಕಡೆ ನಡೆಸಿದರು. ಅದಕ್ಕೆ ವಿಕಾಸವಾಡಿ ಎಂದು ಹೆಸರಿಟ್ಟರು. ದನ ಕಾಯುವ ಮಕ್ಕಳಿಗಾಗಿ ಹುಲ್ಲುಗಾವಲಿಗೇ ಶಾಲೆಯನ್ನು ಒಯ್ದರು.

ನಮ್ಮ ದೇಶದಲ್ಲಿ ಸಮುದಾಯ ಅಭಿವೃದ್ಧಿ ಯೋಜನೆ ಆರಂಭವಾದದ್ದು 1952ರ ಅಕ್ಟೋಬರ್ 2ರಂದು. ಬ್ಲಾಕು ಎಂಬ ಮಾತು ಹಳ್ಳಿಗೆ ಬಂದದ್ದು ಆಗಲೇ. ಅದಾದ 23 ವರ್ಷಕ್ಕೆ, 1975ರ ಅಕ್ಟೋಬರ್ 2ರಂದು, ಇಡೀ ದೇಶದಲ್ಲಿ 33 ಕಡೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಮೊದಲಾಯಿತು. ಕರ್ನಾಟಕದಲ್ಲಿ ಮೊದಲ ಯೋಜನೆ ಬಂದದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರಕ್ಕೆ. ಪೂರಕ ಆಹಾರ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ಬೇಕಾದಾಗ ಆಸ್ಪತ್ರೆಗೆ ಕಳಿಸುವುದು, ತಾಯಂದಿರಿಗೆ ಆಹಾರ ಆರೋಗ್ಯದ ತಿಳಿವಳಿಕೆ, ಶಾಲಾಪೂರ್ವ ಶಿಕ್ಷಣ ಹೀಗೆ ಆರು ಕೆಲಸಗಳನ್ನು ಅಂಗನವಾಡಿಗೆ ಒಪ್ಪಿಸಲಾಯಿತು. ಈ ಆರರಲ್ಲಿ ಊಟವೊಂದನ್ನೇ ನಾವು ನೆನಪಿಟ್ಟುಕೊಂಡಿದ್ದೇವೆ. ಕೊನೆಯದನ್ನು ಮರೆತಿದ್ದೇವೆ.

ಮನೆಯಲ್ಲುಳಿದ ಅಕ್ಕ

ಕೋಸ್ಬಾಡಿನ ಹುಡುಗಿಯ ಕಥೆ ಹಳೆಯದಾಯಿತೆಂದು ತಿಳಿಯಬೇಡಿ. ನಾಟಿಯ ತಿಂಗಳಲ್ಲಿ, ಕಬ್ಬು ಕಡಿಯುವ ಕಾಲದಲ್ಲಿ, ಸುಗ್ಗಿಯಲ್ಲಿ ನಾನು ಹೊಲ ಗದ್ದೆ ಸುತ್ತುವಾಗ ಬದುವಿನ ಮೇಲೆ ಹುಣಿಸೆ ಮರದಡಿ ಒಂಬತ್ತು ಹತ್ತು ವರ್ಷದ ಹುಡುಗಿ ಕೂಸನ್ನು ಕೂಡಿಸಿಕೊಂಡಿರುವುದನ್ನು ಈಗಲೂ ಕಾಣುತ್ತೇನೆ. ಶಾಲೆ ಇಲ್ಲವೇನಮ್ಮ ಎಂದರೆ, "ಅವ್ವ ಬರಬೇಡ ಅಂದಳು, ಇವನನ್ನ ನೋಡ್ಕೊಳ್ಳೋರು ಇಲ್ಲ" ಎನ್ನುತ್ತಾಳೆ.

ಇದರ ಲೆಕ್ಕ ಹಾಕಿ ನೋಡಿ. ಒಂದು ತಿಂಗಳು ಶಾಲೆ ತಪ್ಪಿದ ಹುಡುಗಿ ತಿರುಗಿ ಹೋದಾಗ ಭಾಗಾಕಾರ ಮುಗಿದಿರುತ್ತದೆ. ಅವಳಿಗೆ ಅರ್ಥವಾಗುವುದಿಲ್ಲ. ಮುಂದಿನ ವರ್ಷ ಇನ್ನೊಂದಿಷ್ಟು ತಪ್ಪುತ್ತದೆ. ಏಳನೆಯ ತರಗತಿಗೆ ಬರುವಷ್ಟರಲ್ಲಿ "ಓದು ಹತ್ತುವುದಿಲ್ಲ" ಎಂದು ಬಿಡಿಸುತ್ತೇವೆ. ಬಿಡಿಸಿದ ಮೇಲೆ ಮನೆಯಲ್ಲಿ ಕೂತ ಹುಡುಗಿ ಎಂದು ಬೇಗ ಮದುವೆಯ ಮಾತು ಬರುತ್ತದೆ. ಹದಿನೆಂಟು ತುಂಬುವ ಮೊದಲು ಮದುವೆ ಮಾಡುವುದು ಅಪರಾಧವಷ್ಟೇ ಅಲ್ಲ, ಮೈ ಬಲಿಯದ ತಾಯಿಗೆ ಹುಟ್ಟುವ ಕೂಸು ಕಡಿಮೆ ತೂಕದ್ದಾಗುವ ಸಂಭವ ಹೆಚ್ಚು. ಆ ಕೂಸು ಮತ್ತೆ ಒಟ್ಲಿನಲ್ಲೇ ಸೊರಗಿದ ಪೈರು. ನಾಟಿಯ ದಿನ ಉಳಿಸಿದ ಕೂಲಿಗೆ ಒಂದು ತಲೆಮಾರು ತೆತ್ತ ಬೆಲೆ ಇದು.

ಕೂಸು ಅಂಗನವಾಡಿಯಲ್ಲಿದ್ದರೆ ಅಕ್ಕ ಶಾಲೆಯಲ್ಲಿರುತ್ತಾಳೆ, ತಾಯಿ ನಿಶ್ಚಿಂತೆಯಿಂದ ಕೆಲಸ ಮಾಡುತ್ತಾಳೆ. ಒಂದು ಮಗುವನ್ನು ಕಳಿಸಿದರೆ ಮೂರು ಜನಕ್ಕೆ ಅನುಕೂಲ.

ಇನ್ನೊಂದು ಅಪಾಯವನ್ನು ನನ್ನ ಕೆಲಸದ ಮೂಲಕ ಬಲ್ಲೆ, ಆದ್ದರಿಂದ ಬಿಡಿಸಿ ಹೇಳುತ್ತೇನೆ. ರಾಜ್ಯದಲ್ಲಿ 2014ರಲ್ಲಿ ಕೃಷಿಭಾಗ್ಯ ಬಂದ ಮೇಲೆ ಹೊಲಹೊಲದಲ್ಲಿ ಕೃಷಿ ಹೊಂಡಗಳಾದವು. ಒಣಭೂಮಿಗೆ ಅವು ದೊಡ್ಡ ಆಸರೆ. ಆದರೆ ಪ್ಲಾಸ್ಟಿಕ್ ಹಾಳೆ ಹಾಸಿದ ಹೊಂಡದ ಇಳಿಜಾರಿನಲ್ಲಿ ಜಾರಿದ ಮಗುವಿಗೆ ಹಿಡಿದುಕೊಳ್ಳಲು ಹುಲ್ಲುಕಡ್ಡಿಯೂ ಸಿಗುವುದಿಲ್ಲ. ದೊಡ್ಡವರೇ ಹತ್ತಿ ಬರಲಾರರು. ಇಂಥ ಹೊಂಡಗಳಲ್ಲಿ ಮಕ್ಕಳು ಮುಳುಗಿದ ಸುದ್ದಿಯನ್ನು ನಾವೆಲ್ಲ ಓದಿದ್ದೇವೆ. ಹೊಂಡಕ್ಕೆ ಬೇಲಿ ಕಟ್ಟಿ, ಗಂಟು ಹಾಕಿದ ಹಗ್ಗವನ್ನು ಒಳಕ್ಕೆ ಇಳಿಬಿಡಿ. ಹಾಗೆಯೇ ಬದುವಿನ ಮೇಲಿಟ್ಟ ಔಷಧದ ಬಾಟಲಿ ಮಗುವಿನ ಕಣ್ಣಿಗೆ ಪಾನಕದ ಬಾಟಲಿಯಂತೆಯೇ ಕಾಣುತ್ತದೆ. ಹೊಲದ ಬದು ಕೂಸುಗಳನ್ನು ಬಿಡುವ ಜಾಗವಲ್ಲ.

"ಅಲ್ಲಿ ಏನು ಕಲಿಸುತ್ತಾರೆ, ಬರೀ ಆಟ!"

ಇದು ಎಲ್ಲ ಊರಿನಲ್ಲಿಯೂ ಕೇಳುವ ಮಾತು. "ಆರು ತಿಂಗಳಾಯಿತು ಸ್ವಾಮಿ, ಒಂದು ಅಕ್ಷರ ಬರೆಸಿಲ್ಲ" ಎಂದು ಅಜ್ಜನೊಬ್ಬರು ದೂರಿದರು. ಅಜ್ಜನವರಿಗೆ ನಾನು ಕೊಟ್ಟ ಉತ್ತರವನ್ನೇ ನಿಮಗೂ ಕೊಡುತ್ತೇನೆ.

ಮೂರು ವರ್ಷದ ಮಗುವಿನ ಮಣಿಕಟ್ಟಿನ ಎಲುಬುಗಳು ಇನ್ನೂ ಗಟ್ಟಿಯಾಗಿರುವುದಿಲ್ಲ. ಬೆರಳುಗಳಿಗೆ ಹಿಡಿತ ಬಂದಿರುವುದಿಲ್ಲ. ಆ ಕೈಗೆ ಸೀಸದ ಕಡ್ಡಿ ಕೊಟ್ಟು ಬರೆ ಎನ್ನುವುದು ಹಲ್ಲು ಹಚ್ಚದ ಕರುವಿಗೆ ನೊಗ ಹೂಡಿದಂತೆ. ಮಗು ಮಣಿ ಪೋಣಿಸುವಾಗ, ಜೇಡಿಮಣ್ಣು ನಾದುವಾಗ, ಅವರೆ ತೊಗರಿ ಹುರಳಿ ಬೆರೆಸಿಟ್ಟ ಮೊರದಿಂದ ಒಂದೊಂದನ್ನೇ ಆರಿಸಿ ಬೇರೆ ಮಾಡುವಾಗ ಹೆಬ್ಬೆರಳು ತೋರುಬೆರಳುಗಳಿಗೆ ಹಿಡಿತ ಬರುತ್ತದೆ. ಮುಂದೆ ಬಳಪ ಹಿಡಿಯುವುದು ಅದೇ ಎರಡು ಬೆರಳು. ಕಾಳುಗಳನ್ನು ಬೇರೆ ಮಾಡುವಾಗ ಇದು ಅದರಂತಿಲ್ಲ ಎಂದು ಗುರುತಿಸುತ್ತದೆ. ನಾಳೆ "ಪ" ಮತ್ತು "ವ" ಅಕ್ಷರಗಳ ವ್ಯತ್ಯಾಸ ತಿಳಿಯುವುದು ಅದೇ ಕಣ್ಣಿನಿಂದ. ಹತ್ತು ಹುಣಿಸೆ ಬೀಜ ಎಣಿಸಿ ಐದು ಗೆಳೆಯನಿಗೆ ಕೊಟ್ಟಾಗ ಭಾಗಾಕಾರದ ಮೊದಲ ಪಾಠವಾಗಿರುತ್ತದೆ. ಕಥೆ ಕೇಳಿ "ಆಮೇಲೆ?" ಎಂದು ಕೇಳಿದ ಮಗು ಒಂದರ ಹಿಂದೆ ಒಂದು ಬರುವುದನ್ನು ಮನಸ್ಸಿನಲ್ಲಿ ಹಿಡಿಯಲು ಕಲಿತಿರುತ್ತದೆ.

2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಮೂರರಿಂದ ಆರು ವರ್ಷದ ಈ ಕಲಿಕೆಯನ್ನು ಇಡೀ ಓದಿನ ಬುನಾದಿಯೆಂದು ಒಪ್ಪಿಕೊಂಡಿದೆ.

ಪೇಟೆಯ ವ್ಯಾನು

ಸ್ವಲ್ಪ ಅನುಕೂಲವಿರುವವರು ಮೂರು ವರ್ಷದ ಮಗುವಿಗೆ ಟೈ ಕಟ್ಟಿ ಪೇಟೆಯ ವ್ಯಾನಿಗೆ ಹತ್ತಿಸುತ್ತಾರೆ. ಅದು ಅವರವರ ಇಷ್ಟ, ನಾನು ಬೇಡವೆನ್ನಲಾರೆ. ಆದರೆ ಅದರ ಪರಿಣಾಮವನ್ನು ಯೋಚಿಸಬೇಕು. ಹಾಲಿನ ಸೊಸೈಟಿಯಲ್ಲಿ, ಪಂಚಾಯಿತಿಯಲ್ಲಿ ಯಾರ ಮಾತು ನಡೆಯುತ್ತದೋ ಅವರ ಮಕ್ಕಳು ಊರ ಅಂಗನವಾಡಿಯಲ್ಲಿಲ್ಲ. ಮಾಡು ಸೋರಿದರೆ ಕೇಳುವವರು ಯಾರು? ನೀರು ಬಾರದಿದ್ದರೆ ಗ್ರಾಮಸಭೆಯಲ್ಲಿ ಏಳುವವರು ಯಾರು? ಉಳಿದವರು ಕೂಲಿಯವರ ಮಕ್ಕಳು. ಅವರ ತಾಯಿತಂದೆಯರಿಗೆ ಸಭೆಗೆ ಬರಲು ಬಿಡುವಿಲ್ಲ. ಎಲ್ಲರೂ ಬಿಟ್ಟ ಕೆರೆ ಹೂಳು ತುಂಬುತ್ತದೆ. ಅಂಗನವಾಡಿಗೂ ಅದೇ ಗತಿ.

ಇನ್ನು ಅಡುಗೆ ಮಾಡುವವರ ಜಾತಿ ನೋಡಿ ಮಗುವನ್ನು ಕಳಿಸದಿರುವ ಮನೆಗಳು ಕೆಲವು ಇನ್ನೂ ಇವೆ. ಹೊಟ್ಟೆಗೆ ಹಾಕುವ ಅನ್ನ ಶುಚಿಯಾಗಿದೆಯೇ, ಬೆಂದಿದೆಯೇ ಎಂದು ನೋಡುವುದು ತಂದೆತಾಯಿಯ ಧರ್ಮ. ಬಡಿಸುವ ಕೈ ಯಾವ ಕೇರಿಯದೆಂದು ನೋಡುವುದು ಮಗುವಿಗೆ ವಿಷ ಹಾಕಿದಂತೆ. ಒಂದೇ ಸಾಲಿನಲ್ಲಿ ಕುಳಿತು ಉಂಡ ಮಕ್ಕಳು ನಾಳೆ ಒಂದೇ ಕಾಲುವೆಯ ನೀರನ್ನು ಜಗಳವಿಲ್ಲದೆ ಹಂಚಿಕೊಳ್ಳುತ್ತಾರೆ.

ನಿಲ್ಲುವ ಏಳಿಗೆ ಯಾವುದು?

ಯೋಜನೆಗಳು ಬರುತ್ತವೆ, ಹೋಗುತ್ತವೆ. ಬದು ಒಡೆಯುತ್ತದೆ, ಪಂಪು ತುಕ್ಕು ಹಿಡಿಯುತ್ತದೆ, ತಳಿ ಹಳತಾಗುತ್ತದೆ. ಒಡೆದ ಬದುವನ್ನು ಕೂಡಿ ಕಟ್ಟುವ, ತುಕ್ಕು ಹಿಡಿಯುವ ಮೊದಲೇ ಎಣ್ಣೆ ಬಿಡುವ, ಹೊಸ ತಳಿಯನ್ನು ಓದಿ ತಿಳಿದು ಆರಿಸುವ ಜನ ಊರಿನಲ್ಲಿದ್ದರೆ ಏಳಿಗೆ ನಿಲ್ಲುತ್ತದೆ.

ಕೀಟನಾಶಕದ ಡಬ್ಬಿಯ ಮೇಲೆ ಕೆಂಪು, ಹಳದಿ, ನೀಲಿ, ಹಸಿರು ಎಂದು ನಾಲ್ಕು ಬಣ್ಣದ ಗುರುತುಗಳುಂಟು. ಕೆಂಪು ಅತ್ಯಂತ ವಿಷ. ಎಷ್ಟು ನೀರಿಗೆ ಎಷ್ಟು ಮಿಲಿಲೀಟರ್ ಎಂದು ಚೀಟಿಯಲ್ಲಿ ಬರೆದಿರುತ್ತದೆ. ಓದಲು ಬಾರದವನು ಅಂಗಡಿಯವನ ಮಾತನ್ನೇ ನಂಬಬೇಕು. ಡೈರಿಯ ಚೀಟಿಯಲ್ಲಿ ಜಿಡ್ಡಿನ ಅಂಶ ಎಷ್ಟು ಬರೆದಿದ್ದಾರೆ, ಅದಕ್ಕೆ ದರ ಎಷ್ಟು ಎಂದು ತಾಳೆ ನೋಡಲಾರದವನು ಕೊಟ್ಟಷ್ಟು ತೆಗೆದುಕೊಳ್ಳಬೇಕು. ಮೂರನೆಯ ತರಗತಿಗೆ ಬಂದರೂ ಓದಲು ಬಾರದ ಮಗು ಮುಂದೆ ಈ ಸಾಲಿಗೇ ಸೇರುತ್ತದೆ. ಅದರ ತೊಡಕು ಹುಟ್ಟಿದ್ದು ಮೂರನೆಯ ತರಗತಿಯಲ್ಲಲ್ಲ, ಮೂರನೆಯ ವರ್ಷದಲ್ಲಿ.

ಊರು ಮಾಡಬೇಕಾದ ಕೆಲಸಗಳು

ಒಂದನೆಯದು. ಊರಿನ ಆರು ವರ್ಷದೊಳಗಿನ ಎಲ್ಲ ಮಕ್ಕಳ ಪಟ್ಟಿಯನ್ನು ಅಂಗನವಾಡಿ ಕಾರ್ಯಕರ್ತೆಯೊಡನೆ ಕುಳಿತು ನೋಡಿ. ಕೇರಿ, ಹಟ್ಟಿ, ತಾಂಡಾ, ತೋಟದ ಮನೆ ಯಾವುದೂ ಬಿಟ್ಟು ಹೋಗಬಾರದು. ಕಬ್ಬು ಕಡಿಯಲು ಬೇರೆ ಜಿಲ್ಲೆಯಿಂದ ಬಂದು ಗುಡಿಸಲು ಹಾಕಿದವರ ಮಕ್ಕಳೂ ಮಕ್ಕಳೇ. ಅವರನ್ನೂ ಸೇರಿಸಿ. ಆರು ವರ್ಷದೊಳಗಿನ 40 ಮಕ್ಕಳಿದ್ದೂ ಅಂಗನವಾಡಿ ಇಲ್ಲದ ಜನವಸತಿ ಕೇಳಿಕೊಂಡರೆ ಮೂರು ತಿಂಗಳೊಳಗೆ ತೆರೆಯಬೇಕೆಂದು ಸರ್ವೋಚ್ಚ ನ್ಯಾಯಾಲಯ 2006ರ ಡಿಸೆಂಬರಿನಲ್ಲಿ ಹೇಳಿದೆ. ಕೇಳುವುದು ನಮ್ಮ ಕೆಲಸ. ಬಾಯಲ್ಲಿ ಕೇಳಿದರೆ ಸಾಲದು, ಬರೆದು ಕೊಟ್ಟು ರಸೀತಿ ಪಡೆಯಿರಿ.

ಎರಡನೆಯದು. ನಾಟಿ ಮತ್ತು ಸುಗ್ಗಿಯ ದಿನಗಳಿಗೆ ಮೊದಲೇ ಏರ್ಪಾಡು ಮಾಡಿ. ಅಂಗನವಾಡಿ ಮುಚ್ಚಿದ ಮೇಲೆ ತಾಯಿ ಹೊಲದಿಂದ ಬರುವವರೆಗಿನ ಹೊತ್ತನ್ನು ಸ್ತ್ರೀಶಕ್ತಿ ಸಂಘದ ತಾಯಂದಿರು ಸರದಿಯ ಮೇಲೆ ನೋಡಿಕೊಳ್ಳಬಹುದು. ನಾವು ಮುಯ್ಯಾಳು ಮಾಡುವವರಲ್ಲವೇ? ಗದ್ದೆಗೆ ಮುಯ್ಯಿ ಇರುವಂತೆ ಕೂಸಿಗೂ ಮುಯ್ಯಿ ಇರಲಿ. ರಾಜ್ಯ ಸರ್ಕಾರ 2023ರಲ್ಲಿ, ಉದ್ಯೋಗ ಖಾತರಿ ಕೆಲಸಕ್ಕೆ ಹೋಗುತ್ತಿದ್ದ ತಾಯಂದಿರ ಕೂಸುಗಳಿಗಾಗಿ 4000 ಗ್ರಾಮ ಪಂಚಾಯಿತಿಗಳಲ್ಲಿ ಕೂಸಿನ ಮನೆ ತೆರೆಯುವುದಾಗಿ ಪ್ರಕಟಿಸಿತು. ನಮ್ಮ ಪಂಚಾಯಿತಿಯಲ್ಲಿ ಅದರ ಸ್ಥಿತಿ ಏನೆಂದು ಗ್ರಾಮಸಭೆಯಲ್ಲಿ ವಿಚಾರಿಸಿ.

ಮೂರನೆಯದು. ಒಕ್ಕಣೆ ಆದ ಮೇಲೆ ಪ್ರತಿ ಮನೆಯಿಂದ ಒಂದು ಬೊಗಸೆ ಕಾಳು, ಹುಣಿಸೆ ಬೀಜ, ಜೋಳದ ದಂಟು ಅಂಗನವಾಡಿಗೆ ಕೊಡಿ. ಇವೇ ಪಾಠದ ಸಾಮಾನು. ಆದರೆ ಎಚ್ಚರಿಕೆ: ಔಷಧ ಲೇಪಿಸಿದ ಬಣ್ಣದ ಬಿತ್ತನೆ ಬೀಜ, ಹರಳು, ಗುಲಗಂಜಿ ಇವು ವಿಷ. ನೋಡಲು ಚೆಂದವೆಂದು ಎಂದಿಗೂ ಕೊಡಬಾರದು. ಮೂರು ವರ್ಷದೊಳಗಿನ ಕೂಸಿನ ಕೈಗೆ ಯಾವ ಸಣ್ಣ ಕಾಳನ್ನೂ ಕೊಡಬಾರದು. ಮೂಗಿಗೆ, ಗಂಟಲಿಗೆ ಹಾಕಿಕೊಳ್ಳುತ್ತವೆ.

ನಾಲ್ಕನೆಯದು. ತಿಂಗಳಿಗೊಮ್ಮೆ ಮಗುವಿನ ತೂಕ ನೋಡುತ್ತಾರೆ. ಹಸುವಿನ ಹಾಲು ಅರ್ಧ ಲೀಟರ್ ಇಳಿದರೆ ಡಾಕ್ಟರನ್ನು ಕರೆಯುತ್ತೇವೆ. ಮಗುವಿನ ತೂಕ ಏರದಿದ್ದರೆ ಕಾರಣ ಕೇಳಬೇಕಾದವನು ತಂದೆ. ಅಂಗನವಾಡಿಯಲ್ಲಿ ಬಿಸಿಯೂಟವಿದೆ, 2013ರಿಂದ ಕ್ಷೀರಭಾಗ್ಯದ ಹಾಲೂ ಇದೆ. ಮನೆಯಲ್ಲಿಯೂ ರಾಗಿ ಮಾಲ್ಟು, ಸೊಪ್ಪು, ಕಾಳು, ಒಗ್ಗುವವರು ಮೊಟ್ಟೆ ಕೊಡಿ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿದೆ. ಅಕ್ಕಿಯಲ್ಲಿ ಅದರ ಹತ್ತರಲ್ಲೊಂದು ಪಾಲೂ ಇಲ್ಲ. ನಾವು ಬೆಳೆದ ರಾಗಿಯನ್ನು ಮಾರಿ ಬಿಸ್ಕತ್ತಿನ ಪೊಟ್ಟಣ ತರುವುದು ಲಾಭದ ವ್ಯಾಪಾರವಲ್ಲ.

ಐದನೆಯದು. ಮಗುವಿನೊಡನೆ ಮಾತಾಡಿ. ಇದಕ್ಕೆ ಖರ್ಚಿಲ್ಲ. ಎತ್ತಿಗೆ ಹುಲ್ಲು ಹಾಕುವಾಗ, ಮೋಟಾರು ಹಾಕಲು ಹೋಗುವಾಗ ಕರೆದುಕೊಂಡು ಹೋಗಿ ಕಣ್ಣಿಗೆ ಬಿದ್ದುದರ ಹೆಸರು ಹೇಳಿ, ಅದು ಕೇಳಿದ್ದಕ್ಕೆ ಉತ್ತರ ಕೊಡಿ. ನಿಮ್ಮ ಮನೆಮಾತು ಲಂಬಾಣಿಯಿರಲಿ, ಉರ್ದುವಿರಲಿ, ತೆಲುಗಿರಲಿ, ಅದರಲ್ಲೇ ಆಡಿ. ಅಜ್ಜಿಯರ ಕಥೆ, ಒಗಟು, ಸೋಬಾನೆ ಪದ ಇವೆಲ್ಲ ಶಾಲಾಪೂರ್ವ ಶಿಕ್ಷಣವೇ. ಮಗುವಿನ ಕೈಗೆ ಮೊಬೈಲು ಕೊಟ್ಟು ಸುಮ್ಮನಾಗಿಸಿದರೆ ಮಗುವೂ ಸುಮ್ಮನಾಗುತ್ತದೆ, ಮಾತೂ ಸುಮ್ಮನಾಗುತ್ತದೆ.

ಆರನೆಯದು. ಅಂಗನವಾಡಿ ಕಾರ್ಯಕರ್ತೆಯನ್ನು ಗೌರವದಿಂದ ಕಾಣಿರಿ. ಆಕೆಗೆ ಸಿಗುವುದು ಸಂಬಳವಲ್ಲ, ಗೌರವಧನ. ಮಕ್ಕಳ ಕೆಲಸದ ಮೇಲೆ ಸಮೀಕ್ಷೆ, ಲೆಕ್ಕ, ಮೊಬೈಲಿನಲ್ಲಿ ವರದಿ ತುಂಬುವುದು ಎಲ್ಲ ಆಕೆಯ ತಲೆಯ ಮೇಲಿದೆ. ತಪ್ಪಿದ್ದರೆ ಬಾಲವಿಕಾಸ ಸಮಿತಿಯಲ್ಲಿ ಕೇಳಿ, ಬೀದಿಯಲ್ಲಿ ಕೂಗಬೇಡಿ. ಆ ಸಮಿತಿ ಕಾಗದದ ಮೇಲೆ ಮಾತ್ರ ಇದ್ದರೆ ಈ ತಿಂಗಳೇ ಸೇರಿಸಿ.

ಬಾಂಧವರೇ, ಹಿಂದೆ ಊರ ಕೆರೆಯ ಏರಿಗೆ ಮನೆಗೊಂದು ಆಳಿನಂತೆ ಬಂದು ಮಣ್ಣು ಹೊತ್ತರು. ಆ ನೀರನ್ನು ನಾವು ಉಣ್ಣುತ್ತಿದ್ದೇವೆ. ಅದೇ ರೀತಿ ನಾಟಿಗೆ ಮುಂಚೆ ಒಂದು ಭಾನುವಾರ ಮನೆಗೊಬ್ಬರಂತೆ ಅಂಗನವಾಡಿಗೆ ಬನ್ನಿ. ಸೋರುವ ಹೆಂಚು ಬದಲಿಸೋಣ, ಅಂಗಳ ಸಮ ಮಾಡೋಣ, ಬೇಲಿ ಕಟ್ಟೋಣ, ಹಿತ್ತಲಿನಲ್ಲಿ ನುಗ್ಗೆ, ಪರಂಗಿ, ಕರಿಬೇವು ನೆಡೋಣ. ಸಸಿ ನಾನು ತರುತ್ತೇನೆ, ಗುಂಡಿ ನೀವು ತೋಡಿ. ಅಂದೇ ಮಕ್ಕಳ ಪಟ್ಟಿಯನ್ನು ಎಲ್ಲರೆದುರು ಓದೋಣ. ಯಾರ ಮನೆಯ ಕೂಸು ಬಿಟ್ಟುಹೋಗಿದೆ, ಯಾರ ಮನೆಯ ಹಿರಿಯ ಹುಡುಗಿ ಶಾಲೆ ತಪ್ಪಿಸಿಕೊಂಡು ಕೂತಿದ್ದಾಳೆ ಎಂಬುದು ಊರಿಗೆಲ್ಲ ತಿಳಿಯಲಿ. ಆ ಹುಡುಗಿ ಸೋಮವಾರ ಬೆಳಗ್ಗೆ ಪುಸ್ತಕದ ಚೀಲ ಹೊತ್ತು ಶಾಲೆಗೆ ಹೊರಟರೆ ನಮ್ಮ ಈ ಸಭೆ ಸಾರ್ಥಕವಾಯಿತು.